ಎಸ್ಸೆನ್ ಮೇಳಕ್ಕೆ ಸ್ವಂತ ಖರ್ಚಿನಲ್ಲಿ ಹೊರಟವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಜರ್ಮನಿಯ ಎಸ್ಸೆನ್ ನಗರದಲ್ಲಿ ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ಷ್ಪೀಲ್ ಎಂಬ ಬೋರ್ಡ್‌ಗೇಮ್ ಮೇಳ ನಡೆಯುತ್ತದೆ. ಗುರುವಾರ ಶುರುವಾಗಿ ಭಾನುವಾರ ಮುಗಿಯುತ್ತದೆ. 1983ರಲ್ಲಿ ಸಣ್ಣದಾಗಿ ಆರಂಭವಾದ ಈ ಮೇಳಕ್ಕೆ ಈಗ ನಾಲ್ಕು ದಿನಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಊರಿನ ಜನಸಂಖ್ಯೆಯೇ ಆರು ಲಕ್ಷ ಮುಟ್ಟುವುದಿಲ್ಲ. ಆ ವಾರ ಅಲ್ಲಿ ಮಂಚ ಸಿಗುವುದು ಎಷ್ಟು ಕಷ್ಟ ಎಂಬುದು ಇದರಿಂದಲೇ ಗೊತ್ತಾಗಬೇಕು.

ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಿಂದ ಮೊದಲ ಸಲ, ಕೈಯಿಂದ ದುಡ್ಡು ಹಾಕಿಕೊಂಡು ಹೊರಟವರಿಗಾಗಿ ಈ ಸೂಚನೆ. ಚೌಕಾಬಾರ, ಅಳಿಗುಳಿಮಣೆ ಆಡುತ್ತ ಬೆಳೆದವರು ಇವತ್ತು ಕ್ಯಾಟಾನ್ ಆಡುತ್ತಿದ್ದಾರೆ, ತಮ್ಮದೇ ಆಟ ಕಟ್ಟುತ್ತಿದ್ದಾರೆ. ಅವರು ಈ ಮೇಳವನ್ನು ಒಮ್ಮೆಯಾದರೂ ನೋಡಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಸಂಬಳದಿಂದ ಉಳಿಸಿದ ಹಣದಲ್ಲೂ ನೋಡಬಹುದು. ಆದರೆ ಉಳಿತಾಯವೆಲ್ಲ ಹೊರಡುವ ಮುಂಚೆಯೇ ಮುಗಿದಿರಬೇಕು. ಎಸ್ಸೆನ್ನಿನಲ್ಲಿ ಇಳಿದ ಮೇಲೆ ಉಳಿಸುವುದಕ್ಕೆ ಬಾಕಿ ಇರುವುದು ಊಟ, ನಿದ್ದೆ ಮತ್ತು ರೈಲಿನ ಟಿಕೆಟ್ ಮಾತ್ರ. ಈ ಮೂರರಲ್ಲಿ ಉಳಿಸಲು ಹೋಗಕೂಡದು.

ಕ್ರಮ ತಪ್ಪಿಸಬೇಡಿ

ಮೊದಲು ಮೇಳದ ದಿನಾಂಕ, ಆಮೇಲೆ ರದ್ದು ಮಾಡಬಹುದಾದ ಕೋಣೆ, ಆಮೇಲೆ ವೀಸಾ ಅಪಾಯಿಂಟ್‌ಮೆಂಟ್, ವಿಮಾನ, ಕೊನೆಗೆ ರೈಲು. ಹೆಚ್ಚಿನವರು ವಿಮಾನದ ಟಿಕೆಟ್ಟಿನಿಂದ ಶುರುಮಾಡುತ್ತಾರೆ. ಹಾಗೆ ಮಾಡಬೇಡಿ. ಅಗ್ಗದ ವಿಮಾನ ಆಮೇಲೂ ಸಿಗಬಹುದು, ಅಗ್ಗದ ಕೋಣೆ ಸಿಗುವುದಿಲ್ಲ.

ದಿನಾಂಕವನ್ನು ಹೋದ ವರ್ಷದ ಲೆಕ್ಕದಲ್ಲಿ ಊಹಿಸಬೇಡಿ. 2024ರಲ್ಲಿ ಮೇಳ ಅಕ್ಟೋಬರ್ 3ರಿಂದ 6ರವರೆಗೆ ನಡೆಯಿತು, 2025ರಲ್ಲಿ 23ರಿಂದ 26ರವರೆಗೆ. ನಡುವೆ ಮೂರು ವಾರದ ವ್ಯತ್ಯಾಸ. ನಮ್ಮ ದಸರಾ, ದೀಪಾವಳಿಗಳೂ ಇದೇ ಆಸುಪಾಸಿನಲ್ಲಿ ಬರುವುದರಿಂದ ವಿಮಾನದ ದರ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ. ಆಯೋಜಕರು ಪ್ರಕಟಿಸಿದ ದಿನಾಂಕ ನೋಡಿದ ಮೇಲೆಯೇ ಮುಂದಿನ ಹೆಜ್ಜೆ ಇಡಿ.

ಪ್ರವೇಶದ ಟಿಕೆಟ್ ಮುಂಗಡವಾಗಿ ಆನ್‌ಲೈನಿನಲ್ಲಿ ಕೊಳ್ಳಿ. ಬಾಗಿಲಲ್ಲಿ ನೋಡಿಕೊಂಡರಾಯಿತು ಎಂದು ಹೋಗಬೇಡಿ. ಶನಿವಾರದ್ದು ಬಲುಬೇಗ ಖಾಲಿಯಾಗುತ್ತದೆ.

ಯಾವ ಎಸ್ಸೆನ್ ಎಂದು ನೋಡಿಕೊಳ್ಳಿ

ನಿಮಗೆ ಬೇಕಾದ್ದು ರೂರ್ ಪ್ರದೇಶದ ಎಸ್ಸೆನ್. ನಾರ್ತ್ ರೈನ್ ವೆಸ್ಟ್‌ಫಾಲಿಯಾ ರಾಜ್ಯದ್ದು, ಡ್ಯೂಸೆಲ್‌ಡಾರ್ಫ್‌ನ ನೆರೆಯದ್ದು. ಜರ್ಮನಿಯಲ್ಲೇ ಓಲ್ಡನ್‌ಬುರ್ಗ್ ಕಡೆ ಇನ್ನೊಂದು ಎಸ್ಸೆನ್ ಇದೆ, ಅದಕ್ಕೆ ತನ್ನದೇ ರೈಲು ನಿಲ್ದಾಣವೂ ಇದೆ. ಓಸ್ನಾಬ್ರುಕ್ ಬಳಿ ಬಾಡ್ ಎಸ್ಸೆನ್ ಇದೆ. ಬೆಲ್ಜಿಯಂನ ಗಡಿಯಲ್ಲಿ ಮತ್ತೊಂದು ಎಸ್ಸೆನ್, ಅದಕ್ಕೂ ನಿಲ್ದಾಣ. ಕೋಣೆಯೊಂದು ನಂಬಲಾರದಷ್ಟು ಅಗ್ಗವಾಗಿ ಕಂಡರೆ ದುಡ್ಡು ಕಟ್ಟುವ ಮೊದಲು ನಕಾಶೆ ತೆರೆದು ನೋಡಿ. ರೈಲು ಹುಡುಕುವಾಗ ಎಸ್ಸೆನ್ ಹಾಪ್ಟ್‌ಬಾನ್‌ಹೋಫ್, ಅಂದರೆ ಮುಖ್ಯ ನಿಲ್ದಾಣ, ಎಂದೇ ಆರಿಸಿ.

ತಂಗುವ ಜಾಗ

ಮೇಳದ ಸಭಾಂಗಣಗಳಿರುವುದು ರ್ಯೂಟನ್‌ಷೈಡ್ ಬಡಾವಣೆಯಲ್ಲಿ, ಗ್ರೂಗಾ ಉದ್ಯಾನದ ಪಕ್ಕ. ನಡೆದು ಹೋಗುವಷ್ಟು ಹತ್ತಿರದ ಹೋಟೆಲುಗಳನ್ನು ಮಳಿಗೆ ಹಾಕುವವರು ಬಹಳ ಮುಂಚೆಯೇ ಹಿಡಿದಿರುತ್ತಾರೆ. ಉಳಿದ ಕೋಣೆಗಳ ಬೆಲೆ ಮೇಳದ ವಾರ ಏರಿ ಕೂತಿರುತ್ತದೆ. ಅಲ್ಲೇ ಬೇಕು ಎಂದು ಹಟ ಮಾಡಬೇಡಿ.

ರೂರ್ ಪ್ರದೇಶದ ಊರುಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ಕಲ್ಲಿದ್ದಲು ಮತ್ತು ಉಕ್ಕಿನ ಕಾಲದಲ್ಲಿ ಗಣಿಯ ಸುತ್ತ ಬೆಳೆದ ಊರುಗಳು ಕೂಡಿಕೊಂಡವು, ರೈಲುಹಳಿ ಅವನ್ನು ಹೊಲಿಯಿತು. ಮ್ಯೂಲ್‌ಹೈಮ್, ಓಬರ್‌ಹೌಸನ್, ಗೆಲ್ಸೆನ್‌ಕಿರ್ಷನ್, ಬೋಖುಮ್, ಡ್ಯೂಸ್‌ಬುರ್ಗ್ – ಇವುಗಳ ಮುಖ್ಯ ನಿಲ್ದಾಣದಿಂದ ಎಸ್ಸೆನ್ನಿಗೆ ಪ್ರಾದೇಶಿಕ ರೈಲಿನಲ್ಲಿ ಕಾಲು ಗಂಟೆಯೊಳಗೆ ಬರಬಹುದು. ಬೆಂಗಳೂರಿನ ಜಯನಗರದಿಂದ ಮೆಜೆಸ್ಟಿಕ್ಕಿಗೆ ಬಸ್ಸಿನಲ್ಲಿ ಹೋಗುವುದಕ್ಕಿಂತ ಬೇಗ. ಬೋಖುಮ್, ಡ್ಯೂಸ್‌ಬುರ್ಗ್‌ಗಳಲ್ಲಿ ಹುಡುಕಿ ಎಂಬುದು ನನ್ನ ಸಲಹೆ. ಎರಡೂ ದೊಡ್ಡ ನಿಲ್ದಾಣಗಳು, ರೈಲುಗಳು ಮೇಲಿಂದಮೇಲೆ ಬರುತ್ತವೆ, ರಾತ್ರಿ ತಡವಾದರೂ ದಾರಿ ಇರುತ್ತದೆ.

ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ನಿಲ್ದಾಣದಿಂದ ಎಷ್ಟು ನಿಮಿಷದ ನಡಿಗೆ ಎಂದು ಅಳೆಯಿರಿ. ಎಸ್ಸೆನ್ನಿನ ಹೊರವಲಯದಲ್ಲಿ, ಎರಡು ಬಸ್ಸು ಬದಲಿಸಬೇಕಾದ ಮನೆಗಿಂತ ಬೋಖುಮ್ ನಿಲ್ದಾಣದ ಎದುರಿನ ಕೋಣೆ ಮೇಳಕ್ಕೆ ಹತ್ತಿರ.

ಯುವ ವಸತಿಗೃಹ ಬೇಕೆನ್ನುವವರಿಗೆ ಎಸ್ಸೆನ್ನಿನ ವೆರ್ಡನ್ ಭಾಗದಲ್ಲಿ ಒಂದಿದೆ, ಡ್ಯೂಸ್‌ಬುರ್ಗ್‌ನ ಹಳೆಯ ಉಕ್ಕಿನ ಕಾರ್ಖಾನೆಯ ಉದ್ಯಾನದಲ್ಲಿ ಇನ್ನೊಂದಿದೆ. ಸದಸ್ಯತ್ವ ಬೇಕಾಗುತ್ತದೆ, ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ನಾಲ್ಕು ಜನ ಸ್ನೇಹಿತರು ಹೋಗುವುದಾದರೆ ಅಡುಗೆಮನೆ ಇರುವ ಫ್ಲ್ಯಾಟ್ ತಲೆಗೆ ಲೆಕ್ಕ ಹಾಕಿದಾಗ ಅಗ್ಗವಾಗುತ್ತದೆ, ಊಟದಲ್ಲೂ ಉಳಿಯುತ್ತದೆ.

ಹಾಸಿಗೆಯ ಖರ್ಚು ತಪ್ಪಿಸಲು ರಾತ್ರಿಯನ್ನು ನಿಲ್ದಾಣದಲ್ಲೋ ರೈಲಿನಲ್ಲೋ ಕಳೆಯುವ ಯೋಚನೆ ಬೇಡ. ಬೆಳಗ್ಗೆ ಹತ್ತರಿಂದ ಸಂಜೆಯವರೆಗೆ ಗದ್ದಲದ ಸಭಾಂಗಣದಲ್ಲಿ ನಿಂತು, ಹೊಸ ಆಟಗಳ ನಿಯಮ ಕೇಳಿ, ಅಪರಿಚಿತರ ಜೊತೆ ಆಡುವ ಕೆಲಸ ಅದು. ನಿದ್ದೆಗೆಟ್ಟವರಿಗೆ ಮೂರನೆಯ ನಿಯಮದ ಹೊತ್ತಿಗೆ ಏನೂ ತಲೆಗೆ ಹೋಗುವುದಿಲ್ಲ.

ವೀಸಾ: ಇಲ್ಲಿ ಸಣ್ಣ ಸುಳ್ಳೂ ಕೂಡದು

ಬೇಕಾದ್ದು ಷೆಂಗೆನ್ ವೀಸಾ. ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಕಡೇ ಪಕ್ಷ ಹದಿನೈದು ದಿನ ಮುಂಚೆ ಹಾಕಿರಲೇಬೇಕು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವು ಪ್ರಕರಣಗಳಲ್ಲಿ 45 ದಿನದವರೆಗೂ ಹಿಡಿಯಬಹುದು. ಅಕ್ಟೋಬರ್ ಮೇಳಕ್ಕೆ ಹೋಗುವವರು ಜೂನ್, ಜುಲೈನಲ್ಲೇ ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ದಿನ ಗೊತ್ತುಮಾಡಿಕೊಳ್ಳಿ. ಸೆಪ್ಟೆಂಬರ್‌ವರೆಗೆ ಕಾಯಬೇಡಿ.

2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾಶುಲ್ಕ. ವೀಸಾ ತಿರಸ್ಕೃತವಾದರೆ ಶುಲ್ಕ ವಾಪಸ್ ಬರುವುದಿಲ್ಲ. ಪ್ರೀಮಿಯಂ ಕೋಣೆ, ಕೊರಿಯರ್, ಎಸ್‌ಎಂಎಸ್ ಎಂದು ಕೌಂಟರಿನಲ್ಲಿ ತೋರಿಸುವ ಸೇವೆಗಳು ಐಚ್ಛಿಕ. ಅವನ್ನು ಕೊಂಡರೆ ವೀಸಾ ಸುಲಭವಾಗುವುದಿಲ್ಲ. ಬೇಡ ಎಂದು ಹೇಳಿ. ಅಪಾಯಿಂಟ್‌ಮೆಂಟ್ ಕೊಡಿಸುತ್ತೇನೆ ಎಂದು ಹಣ ಕೇಳುವ ದಲ್ಲಾಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸಾಗುವ ದಿನದಿಂದ ಮೂರು ತಿಂಗಳಾದರೂ ಊರ್ಜಿತವಾಗಿರಬೇಕು, ಎರಡು ಖಾಲಿ ಪುಟ ಇರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು, ಇಡೀ ಷೆಂಗೆನ್ ಪ್ರದೇಶಕ್ಕೆ ಅನ್ವಯಿಸುವಂಥದ್ದು. ವಿಮೆಯಲ್ಲಿ ತೀರಾ ಅಗ್ಗದ್ದಕ್ಕೆ ಕೈಹಾಕಬೇಡಿ, ಆಸ್ಪತ್ರೆಯ ಬಿಲ್ಲನ್ನು ವಿಮಾ ಕಂಪನಿ ನೇರವಾಗಿ ಕಟ್ಟುತ್ತದೆಯೇ ಎಂದು ಓದಿ ನೋಡಿ.

ಯಾವ ಕಾರಣಕ್ಕೆ ಹೋಗುತ್ತೀರೋ ಅದನ್ನೇ ಬರೆಯಿರಿ. ನೋಡಲು, ಆಡಲು, ಕೊಳ್ಳಲು ಹೋಗುವುದಾದರೆ ಪ್ರವಾಸ. ಮಳಿಗೆ ಹಾಕುವುದಾದರೆ, ಪ್ರಕಾಶಕರ ಜೊತೆ ವ್ಯವಹಾರ ಮಾತಾಡುವುದಾದರೆ ವ್ಯಾಪಾರ, ಅದಕ್ಕೆ ಆಹ್ವಾನ ಪತ್ರ ಬೇಕು. ಮೇಳದಲ್ಲಿ ಬಂದವರಿಗೆ ಆಟ ಹೇಳಿಕೊಡಲು ಪ್ರಕಾಶಕರು ಜನರನ್ನು ಸೇರಿಸಿಕೊಳ್ಳುತ್ತಾರೆ, ಪ್ರತಿಯಾಗಿ ಹಣವನ್ನೋ ವಸತಿಯನ್ನೋ ಕೊಡುತ್ತಾರೆ. ಖರ್ಚು ಕಳೆಯಲು ಇದು ಒಳ್ಳೆಯ ದಾರಿ ಎಂದು ಅನ್ನಿಸುತ್ತದೆ. ಪ್ರವಾಸಿ ವೀಸಾದಲ್ಲಿ ಇದನ್ನು ಒಪ್ಪಿಕೊಳ್ಳಬೇಡಿ. ಅದು ಕೆಲಸ, ಕೆಲಸಕ್ಕೆ ಆ ವೀಸಾ ಅನುಮತಿ ಕೊಡುವುದಿಲ್ಲ.

ಇನ್ನೊಂದು ಚಾಳಿ ನಮ್ಮಲ್ಲಿ ಬೇರೂರಿದೆ: ವೀಸಾಕ್ಕೆಂದು ಒಂದು ಹೋಟೆಲ್ ಬುಕ್ ಮಾಡುವುದು, ವೀಸಾ ಬಂದ ದಿನ ರದ್ದು ಮಾಡುವುದು, ಬೇರೆಲ್ಲೋ ಉಳಿಯುವುದು. ಇದನ್ನು ಏಜೆಂಟರೇ ಹೇಳಿಕೊಡುತ್ತಾರೆ. ಬೇಡ. ಕೋಣೆ ಬದಲಿಸುವ ಹಕ್ಕು ನಿಮಗಿದೆ. ಬದಲಿಸಿದರೆ ಹೊಸ ಬುಕಿಂಗ್‌ನ ಪ್ರತಿ ಕೈಯಲ್ಲಿರಲಿ, ಗಡಿಯ ಅಧಿಕಾರಿ ಕೇಳಿದರೆ ತೋರಿಸಬೇಕು. ಹಾಗೆಯೇ, ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆಂದು ಬೇರೆ ದೇಶದ ಹೆಸರಿನಲ್ಲಿ ಅರ್ಜಿ ಹಾಕಿ ಜರ್ಮನಿಯಲ್ಲೇ ಎಲ್ಲ ದಿನ ಕಳೆಯುವುದೂ ಕೂಡದು. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ. ಬೆರಳಚ್ಚುಗಳು ವೀಸಾ ವ್ಯವಸ್ಥೆಯಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಒಳಬರುವುದು, ಹೊರಹೋಗುವುದು ಎರಡನ್ನೂ ವಿದ್ಯುನ್ಮಾನವಾಗಿ ದಾಖಲಿಸುವ ಹೊಸ ವ್ಯವಸ್ಥೆಯೂ ಶುರುವಾಗಿದೆ. ಪ್ರಾಮಾಣಿಕವಾಗಿ ಹೋಗಿಬಂದವರಿಗೆ ಇದರಿಂದ ಲಾಭವೇ. 2024ರಲ್ಲಿ ಬಂದ ನಿಯಮದಂತೆ, ಮೂರು ವರ್ಷದೊಳಗೆ ಎರಡು ವೀಸಾಗಳನ್ನು ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ ವೀಸಾ ಸಿಗುವ ದಾರಿ ತೆರೆದಿದೆ. ಮುಂದಿನ ಮೇಳಗಳಿಗೂ ಹೋಗಬೇಕೆಂಬ ಆಸೆ ಇರುವವರು ಇದನ್ನು ಹಾಳು ಮಾಡಿಕೊಳ್ಳಬಾರದು.

ವಿಮಾನ, ರೈಲು

ಎಸ್ಸೆನ್ನಿಗೆ ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಡ್ಯೂಸೆಲ್‌ಡಾರ್ಫ್. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ. ಇವೆರಡರ ಜೊತೆ ಆಮ್‌ಸ್ಟರ್‌ಡ್ಯಾಮ್, ಬ್ರಸೆಲ್ಸ್‌ಗಳ ದರವನ್ನೂ ನೋಡಿ. ಜರ್ಮನಿಯ ಷೆಂಗೆನ್ ವೀಸಾದಲ್ಲಿ ನೆದರ್‌ಲ್ಯಾಂಡ್ಸ್ ಮೂಲಕ ಒಳಬರಲು ಅಡ್ಡಿಯಿಲ್ಲ. ಆದರೆ ವಿಮಾನದ ದರವನ್ನಷ್ಟೇ ಹೋಲಿಸಬೇಡಿ. ಅಲ್ಲಿಂದ ಎಸ್ಸೆನ್ನಿಗೆ ರೈಲಿನ ದರ, ಹಿಡಿಯುವ ಹೊತ್ತು, ಬ್ಯಾಗಿನ ತೂಕದ ಮಿತಿ ಮೂರನ್ನೂ ಕೂಡಿಸಿ. ವಾಪಸು ಬರುವಾಗ ಆಟಗಳ ಡಬ್ಬಿ ಇರುತ್ತವೆ. ಒಂದೇ ಬ್ಯಾಗ್ ಕೊಡುವ ಅಗ್ಗದ ಟಿಕೆಟ್ ಕೊನೆಗೆ ದುಬಾರಿಯಾಗುವುದು ಅಲ್ಲೇ.

ಡ್ಯೂಸೆಲ್‌ಡಾರ್ಫ್‌ನಲ್ಲಿ ಇಳಿದವರು ಟರ್ಮಿನಲ್ ಕೆಳಗಿನ ನಿಲ್ದಾಣಕ್ಕೆ ಇಳಿಯಬೇಡಿ. ಅಲ್ಲಿಂದ ಹೊರಡುವ ಎಸ್11 ರೈಲು ಡ್ಯೂಸೆಲ್‌ಡಾರ್ಫ್ ಊರೊಳಗೆ, ಕಲೋನ್ ಕಡೆಗೆ ಹೋಗುತ್ತದೆ. ತೂಗಾಡುತ್ತ ಹೋಗುವ ಸ್ಕೈಟ್ರೇನ್ ಹತ್ತಿ ದೂರದ ರೈಲುಗಳ ನಿಲ್ದಾಣಕ್ಕೆ ಹೋಗಿ. ಅಲ್ಲಿಂದ ಪ್ರಾದೇಶಿಕ ರೈಲಿನಲ್ಲಿ ಎಸ್ಸೆನ್ ಸುಮಾರು ಅರ್ಧ ಗಂಟೆ.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಎರಡು ರೈಲು ನಿಲ್ದಾಣಗಳಿವೆ, ವೇಗದ ಐಸಿಇ ರೈಲುಗಳು ಫೆರ್ನ್‌ಬಾನ್‌ಹೋಫ್ ಎಂಬಲ್ಲಿಂದ ಹೊರಡುತ್ತವೆ. ಆ ರೈಲಿನ ಟಿಕೆಟ್ಟನ್ನು ಹೊರಡುವ ದಿನ ಕೊಂಡರೆ ದುಬಾರಿ, ವಾರಗಳ ಮುಂಚೆ ಷ್ಪಾರ್‌ಪ್ರೈಸ್ ಎಂಬ ರಿಯಾಯಿತಿಯಲ್ಲಿ ಕೊಂಡರೆ ಬಹಳ ಅಗ್ಗ. ರಿಯಾಯಿತಿ ಟಿಕೆಟ್ ಆ ಒಂದು ರೈಲಿಗೆ ಮಾತ್ರ. ವಿಮಾನ ತಡವಾಗಿ ರೈಲು ತಪ್ಪಿದರೆ ಟಿಕೆಟ್ ಹೋಯಿತು, ಆದ್ದರಿಂದ ಇಳಿಯುವ ಸಮಯಕ್ಕೂ ರೈಲಿಗೂ ನಡುವೆ ಮೂರು ಗಂಟೆ ಇಟ್ಟುಕೊಳ್ಳಿ. ರೈಲೇ ತಡವಾದರೆ ಲೆಕ್ಕ ಬೇರೆ. ತಲುಪುವ ಊರಿಗೆ ಇಪ್ಪತ್ತು ನಿಮಿಷಕ್ಕಿಂತ ತಡವಾಗುತ್ತದೆ ಎಂದಾದರೆ ಬೇರೆ ರೈಲು ಹತ್ತಬಹುದು. ಒಂದು ಗಂಟೆ ತಡವಾದರೆ ದರದ ಕಾಲು ಭಾಗ, ಎರಡು ಗಂಟೆಯಾದರೆ ಅರ್ಧ ವಾಪಸ್ ಕೇಳಬಹುದು. ಜರ್ಮನಿಯ ರೈಲುಗಳು ಗಡಿಯಾರದ ಮುಳ್ಳಿನಂತೆ ಓಡುತ್ತವೆ ಎಂಬ ಹಳೆಯ ನಂಬಿಕೆಯ ಮೇಲೆ ಯೋಜನೆ ಕಟ್ಟಬೇಡಿ. ಇವತ್ತು ದೂರದ ರೈಲುಗಳು ತಡವಾಗುವುದು ಅಲ್ಲಿ ದಿನನಿತ್ಯದ ಮಾತು. ವಾಪಸಾಗುವ ದಿನ ಒಂದು ರೈಲು ಪೂರ್ತಿ ತಪ್ಪಿದರೂ ವಿಮಾನ ಸಿಗುವಷ್ಟು ಮುಂಚೆ ಹೊರಡಿ.

ಊರೊಳಗೆ

ಎಸ್ಸೆನ್ ಮುಖ್ಯ ನಿಲ್ದಾಣದಿಂದ ಮೇಳಕ್ಕೆ ಯು11 ರೈಲು. ಹತ್ತು ನಿಮಿಷವೂ ಬೇಡ. ಬೆಳಗ್ಗೆ ಒಂಬತ್ತರ ಮೇಲೆ ಡಬ್ಬಿ ತುಂಬಿದಂತೆ ತುಂಬಿರುತ್ತದೆ. ಮೊದಲ ರೈಲಿಗೇ ನುಗ್ಗಬೇಡಿ, ಹಿಂದೆಯೇ ಇನ್ನೊಂದು ಬರುತ್ತದೆ.

ಜರ್ಮನಿಯಾದ್ಯಂತ ಪ್ರಾದೇಶಿಕ ರೈಲು, ಟ್ರಾಮ್, ಬಸ್ಸುಗಳಿಗೆಲ್ಲ ಸಲ್ಲುವ ಡಾಯ್ಚ್‌ಲಾಂಡ್ ಟಿಕೆಟ್ 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ವಾರದಷ್ಟು ಇದ್ದು, ಪಕ್ಕದ ಊರಿನಲ್ಲಿ ತಂಗಿ ಓಡಾಡುವವರು ಬಿಡಿ ಟಿಕೆಟ್‌ಗಳ ಮೊತ್ತದ ಜೊತೆ ಹೋಲಿಸಿ ನೋಡಲೇಬೇಕು. ಎಚ್ಚರ ಬೇಕಾದ ಸಂಗತಿಗಳು ಮೂರು. ಅದು ಕ್ಯಾಲೆಂಡರ್ ತಿಂಗಳಿಗೆ ಮಾತ್ರ. ಅಕ್ಟೋಬರ್ 29ಕ್ಕೆ ಬಂದು ನವೆಂಬರ್ 3ಕ್ಕೆ ಹೊರಡುವವರಿಗೆ ಎರಡು ತಿಂಗಳ ದುಡ್ಡು. ಅದು ಚಂದಾ ಇದ್ದಂತೆ. ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳದ್ದೂ ಕಡಿತವಾಗುತ್ತದೆ. ಮತ್ತು ಐಸಿಇ, ಐಸಿ ರೈಲುಗಳಲ್ಲಿ ಅದು ನಡೆಯುವುದಿಲ್ಲ, ಹತ್ತಬೇಡಿ.

ಟಿಕೆಟ್ ಇಲ್ಲದೆ ಒಂದೇ ಒಂದು ನಿಲ್ದಾಣವೂ ಹೋಗಬೇಡಿ. ಅಲ್ಲಿ ತಡೆಗೇಟು ಇರುವುದಿಲ್ಲ, ಯಾರೂ ಕೇಳುವುದಿಲ್ಲ ಅನ್ನಿಸುತ್ತದೆ. ಮಾಮೂಲಿ ಉಡುಪಿನ ತಪಾಸಣೆಗಾರರು ರೈಲಿನೊಳಗೇ ಬರುತ್ತಾರೆ, ದಂಡ 60 ಯೂರೋ. ಕಾಗದದ ಟಿಕೆಟ್ ಕೊಂಡರೆ ಅದಕ್ಕೆ ಮುದ್ರೆ ಒತ್ತಬೇಕೇ ಎಂದು ನೋಡಿ, ಒತ್ತದ ಟಿಕೆಟ್ ಇಲ್ಲದ ಟಿಕೆಟ್ಟಿಗೆ ಸಮ. ಪ್ರವಾಸಿ, ಗೊತ್ತಿರಲಿಲ್ಲ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ದುಡ್ಡು

ನಗದು ಇಟ್ಟುಕೊಳ್ಳಿ. ಜರ್ಮನಿಯಲ್ಲಿ ಕಾರ್ಡ್ ತೆಗೆದುಕೊಳ್ಳುತ್ತೇವೆ ಎನ್ನುವ ಕೆಲವು ಅಂಗಡಿಗಳು ಆ ದೇಶದ ಗಿರೋಕಾರ್ಡನ್ನಷ್ಟೇ ತೆಗೆದುಕೊಳ್ಳುತ್ತವೆ. ಮೇಳದ ಸಣ್ಣ ಮಳಿಗೆಗಳಲ್ಲಿ, ಹಳೆಯ ಆಟ ಮಾರುವವರಲ್ಲಿ, ಬೇಕರಿಗಳಲ್ಲಿ ನೋಟೇ ಸಲೀಸು. ರುಪೇ ಕಾರ್ಡ್, ಯುಪಿಐ ನಂಬಿಕೊಂಡು ಹೋಗಬೇಡಿ. ಫಾರೆಕ್ಸ್ ಕಾರ್ಡ್ ಒಂದು, ಬೇರೆ ಬ್ಯಾಂಕಿನ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಒಂದು, ಎರಡೂ ಬೇರೆ ಬೇರೆ ಜೇಬಿನಲ್ಲಿ.

ಎಟಿಎಮ್ಮೋ ಅಂಗಡಿಯ ಯಂತ್ರವೋ ರೂಪಾಯಿಯಲ್ಲಿ ಕಟ್ಟುತ್ತೀರಾ, ಯೂರೋದಲ್ಲಾ ಎಂದು ಕೇಳಿದರೆ ಯಾವಾಗಲೂ ಯೂರೋ. ರೂಪಾಯಿ ಒತ್ತಿದರೆ ಆ ಯಂತ್ರದವರು ತಮಗೆ ಬೇಕಾದ ದರ ಹಾಕುತ್ತಾರೆ. ವಿಮಾನ ನಿಲ್ದಾಣದ ವಿನಿಮಯ ಕೌಂಟರಿನಲ್ಲಿ ನೋಟು ಬದಲಾಯಿಸಬೇಡಿ.

ಊಟ

ಊರಿನಿಂದ ತಿಂಡಿ ಕಟ್ಟಿಕೊಂಡು ಹೋಗಿ, ಆದರೆ ಏನನ್ನು ಎಂಬುದು ಮುಖ್ಯ. ಐರೋಪ್ಯ ಒಕ್ಕೂಟದೊಳಗೆ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ತರುವಂತಿಲ್ಲ. ತುಪ್ಪದ ಡಬ್ಬಿ, ಧಾರವಾಡ ಪೇಡ, ಕುಂದಾ, ಖೋವಾದ ಸಿಹಿ ಬೇಡವೇ ಬೇಡ. ಕರಿಬೇವು, ವೀಳ್ಯದೆಲೆ, ನಿಂಬೆಹಣ್ಣು, ಮಾವಿನಹಣ್ಣುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅದಿಲ್ಲದೆ ಒಯ್ಯಬೇಡಿ. ಅಮ್ಮ ಕೊಟ್ಟದ್ದು, ಬಿಡಲಾಗಲಿಲ್ಲ ಎಂದರೆ ಕಸ್ಟಮ್ಸ್‌ನವರು ಕೇಳುವುದಿಲ್ಲ. ಚಟ್ನಿಪುಡಿ, ಎಣ್ಣೆಯಲ್ಲಿ ಮಾಡಿದ ಗೊಜ್ಜವಲಕ್ಕಿ ಮಿಶ್ರಣ, ಒಣ ಉಪ್ಪಿಟ್ಟಿನ ಮಿಶ್ರಣ, ಚಕ್ಕುಲಿ ಒಯ್ಯಿರಿ. ಕುದಿಯುವ ನೀರು ಸಿಕ್ಕರೆ ಬೆಳಗಿನ ತಿಂಡಿ ಮುಗಿಯಿತು.

ಮೇಳದೊಳಗೆ ತಿನ್ನುವುದು ದುಬಾರಿ, ಸಾಲೂ ಉದ್ದ. ಬೆಳಗ್ಗೆ ಸೂಪರ್‌ಮಾರ್ಕೆಟ್ಟಿನಲ್ಲಿ ಬ್ರೆಡ್, ಹಣ್ಣು, ಮೊಸರು ಕೊಂಡು ಚೀಲದಲ್ಲಿಟ್ಟುಕೊಳ್ಳಿ. ಪ್ರಪಂಚಕ್ಕೆಲ್ಲ ಹಬ್ಬಿರುವ ಆಲ್ಡಿ ಹುಟ್ಟಿದ್ದು ಎಸ್ಸೆನ್ನಿನಲ್ಲೇ, ಆಲ್‌ಬ್ರೆಕ್ಟ್ ಕುಟುಂಬದ ಒಂದು ಕಿರಾಣಿ ಅಂಗಡಿಯಾಗಿ. ಗಣಿ ಕಾರ್ಮಿಕರ ಬಡಾವಣೆಯಿಂದ ಬೆಳೆದ ಆ ಮಳಿಗೆ ಕಡಿಮೆ ಖರ್ಚಿನ ಪ್ರವಾಸಿಗೆ ಇವತ್ತಿಗೂ ಒಳ್ಳೆಯ ಆಸರೆ. ನಲ್ಲಿಯ ನೀರು ಕುಡಿಯಲು ಯೋಗ್ಯ, ಬಾಟಲಿಗೆ ದುಡ್ಡು ಹಾಕಬೇಡಿ. ಕೊಂಡರೆ ಖಾಲಿ ಬಾಟಲಿ ಎಸೆಯಬೇಡಿ: ಪ್ಲಾಸ್ಟಿಕ್ ಬಾಟಲಿ ಮತ್ತು ಕ್ಯಾನಿನ ಮೇಲೆ 25 ಸೆಂಟ್ ಠೇವಣಿ ಇರುತ್ತದೆ, ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ವಾಪಸ್.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ನವೆಂಬರ್ 1 ಆ ರಾಜ್ಯದಲ್ಲಿ ಸಾರ್ವಜನಿಕ ರಜೆ, ಅಕ್ಟೋಬರ್ 3 ಇಡೀ ದೇಶಕ್ಕೆ ರಜೆ, ಆ ದಿನಗಳಲ್ಲೂ ಹಾಗೆಯೇ. ಮೇಳ ಮುಗಿಯುವುದು ಭಾನುವಾರ. ಆ ರಾತ್ರಿಗೆ ಬೇಕಾದ್ದನ್ನು ಶನಿವಾರವೇ ಕೊಂಡಿಡಿ. ದೊಡ್ಡ ನಿಲ್ದಾಣಗಳೊಳಗಿನ ಅಂಗಡಿ ತೆರೆದಿರುತ್ತವೆ, ಬೆಲೆ ಹೆಚ್ಚು.

ಸಸ್ಯಾಹಾರಿಗಳು ಹಸಿದಿರಬೇಕಾಗಿಲ್ಲ. ಟರ್ಕಿಯವರ ಅಂಗಡಿಯ ಫಲಾಫೆಲ್, ಇಟಲಿಯವರ ಪಿಜ್ಜಾ, ಸೂಪರ್‌ಮಾರ್ಕೆಟ್ಟಿನಲ್ಲಿ ವೇಗನ್ ಎಂದು ಬರೆದ ಪದಾರ್ಥಗಳು ಎಲ್ಲ ಕಡೆ ಸಿಗುತ್ತವೆ. ನೋಡಲು ಬರೀ ಆಲೂಗಡ್ಡೆ ಎಂದು ಕಂಡದ್ದನ್ನು ಕೇಳದೆ ತಿನ್ನಬೇಡಿ. ಷ್ಪೆಕ್, ಷಿಂಕನ್ ಎಂದರೆ ಹಂದಿಮಾಂಸ, ಷ್ಮಾಲ್ಟ್ಸ್ ಎಂದರೆ ಹಂದಿಯ ಕೊಬ್ಬು. ಮೆತ್ತನೆಯ ಜೆಲ್ಲಿ ಸಿಹಿಗಳಲ್ಲಿ ಜೆಲಟಿನ್ ಇರುವುದೇ ಹೆಚ್ಚು.

ಮೇಳದ ಒಳಗೆ

ಸಭಾಂಗಣದ ನಕಾಶೆಯನ್ನು ಹಿಂದಿನ ರಾತ್ರಿಯೇ ನೋಡಿ, ಕಂಡೇ ತೀರಬೇಕಾದ ಹತ್ತು ಮಳಿಗೆ ಗುರುತು ಹಾಕಿ. ಎಲ್ಲವನ್ನೂ ನೋಡುತ್ತೇನೆ ಎಂದು ಹೊರಡಬೇಡಿ. ಒಂಬೈನೂರರ ಆಸುಪಾಸು ಪ್ರದರ್ಶಕರು ಸೇರುವ ಜಾಗ ಅದು, ನಾಲ್ಕು ದಿನವೂ ಸಾಲದು. ದೊಡ್ಡ ಪ್ರಕಾಶಕರ ಆಟಗಳು ಆಮೇಲೆ ಬೆಂಗಳೂರಿಗೂ ಬರುತ್ತವೆ. ಕೊರಿಯಾ, ಜಪಾನ್, ಪೋಲೆಂಡ್, ಬ್ರೆಜಿಲ್‌ಗಳ ಸಣ್ಣ ಪ್ರಕಾಶಕರು ಕೆಲವೇ ಪ್ರತಿ ತಂದಿರುತ್ತಾರೆ. ಗುರುವಾರ ಬೆಳಗ್ಗೆ ಅವರ ಕಡೆಗೇ ಮೊದಲು ಹೋಗಿ.

ಆಡಿ ನೋಡದೆ ದೊಡ್ಡ ಡಬ್ಬಿ ಕೊಳ್ಳಬೇಡಿ. ಮೇಜು ಹಾಕಿ ಉಚಿತವಾಗಿ ಆಡಿಸುವುದಕ್ಕೇ ಅಲ್ಲಿರುವವರು ಕೂತಿದ್ದಾರೆ. ಈ ಮೇಳದ ನಿಜವಾದ ಸಂಪತ್ತು ಅದು, ಕೊಂಡು ತಂದ ಡಬ್ಬಿಗಳಲ್ಲ. ಮೇಜು ಸಿಕ್ಕರೆ ಅಪರಿಚಿತರನ್ನೂ ಸೇರಿಸಿಕೊಳ್ಳಿ. ಕೂತ ಮೇಲೆ ಪೂರ್ತಿ ಆಡಲು ಹೊತ್ತಿಲ್ಲದಿದ್ದರೆ ಮೊದಲೇ ಹೇಳಿ, ನಿಮ್ಮ ಹಿಂದೆ ಜನ ಕಾದಿರುತ್ತಾರೆ.

ದುಡ್ಡು ಕೊಡುವ ಮುಂಚೆ ಡಬ್ಬಿಯ ಭಾಷೆ ನೋಡಿ. ಒಂದೇ ಆಟದ ಜರ್ಮನ್ ಆವೃತ್ತಿ, ಇಂಗ್ಲಿಷ್ ಆವೃತ್ತಿ ಪಕ್ಕಪಕ್ಕದಲ್ಲೇ ಇರುತ್ತವೆ, ಮುಖಚಿತ್ರ ಒಂದೇ. ನಿಯಮಪುಸ್ತಕ ಜರ್ಮನ್ ಆದರೆ ಹೇಗೋ ನಡೆಯುತ್ತದೆ, ಕಾರ್ಡುಗಳ ಮೇಲೆ ಜರ್ಮನ್ ಇದ್ದರೆ ಮನೆಯಲ್ಲಿ ಯಾರೂ ಆಡಲಾರರು.

ಸ್ವಂತ ಆಟ ಕಟ್ಟಿರುವವರಿಗೆ ಕಟ್ಟುನಿಟ್ಟಿನ ಮಾತು. ಪ್ರಕಾಶಕರ ಮಳಿಗೆಗೆ ಹಾಗೇ ನುಗ್ಗಿ ಮಾದರಿ ತೋರಿಸಬೇಡಿ. ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಇಮೇಲ್ ಬರೆದು ಸಮಯ ಪಡೆಯಿರಿ. ಒಂದು ಪುಟದಲ್ಲಿ ಆಟದ ಹೆಸರು, ಎಷ್ಟು ಜನ, ಎಷ್ಟು ಹೊತ್ತು, ಹೊಸತೇನು ಎಂಬುದಿರಲಿ. ಸಿಕ್ಕ ಅರ್ಧ ಗಂಟೆಯಲ್ಲಿ ಕಥೆ ಹೇಳಬೇಡಿ, ಆಡಿಸಿ. ಅಳಿಗುಳಿಮಣೆಯ ಕಾಳು ಬಿತ್ತುವ ಲೆಕ್ಕದಂಥ ಜಾಣ ವಿನ್ಯಾಸದ ನಡುವೆ ಬೆಳೆದವರು ನಾವು, ಆ ಮೇಜಿನ ಎದುರು ಅಂಜಬೇಕಾಗಿಲ್ಲ. ಮಾದರಿಯನ್ನು ಕೈಚೀಲದಲ್ಲೇ ಒಯ್ಯಿರಿ, ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ.

ಒಂದು ದಿನವನ್ನು ಊರಿಗೆ ಕೊಡಿ

ಮೇಳ ಮುಗಿದ ತಕ್ಷಣ ಓಡಬೇಡಿ. ಎಸ್ಸೆನ್ ನೋಡಲು ದೊಡ್ಡ ದುಡ್ಡು ಬೇಡ. ತ್ಸೋಲ್‌ಫೆರೈನ್ ಕಲ್ಲಿದ್ದಲು ಗಣಿಗೆ ನಿಲ್ದಾಣದಿಂದ 107ನೇ ಟ್ರಾಮ್. 1932ರಲ್ಲಿ ತೆರೆದ ಹನ್ನೆರಡನೆಯ ಬಾವಿಯ ಕಬ್ಬಿಣದ ಗೋಪುರ, ಇಟ್ಟಿಗೆ ಕಟ್ಟಡಗಳು ಹಾಗೇ ನಿಂತಿವೆ. 1986ರಲ್ಲಿ ಗಣಿ ಮುಚ್ಚಿತು, 2001ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಆವರಣದಲ್ಲಿ ತಿರುಗಾಡಲು ಟಿಕೆಟ್ ಇಲ್ಲ. ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲೇ ಮುಚ್ಚಿತು. ಕೆಜಿಎಫ್ ಕಂಡವರು ತ್ಸೋಲ್‌ಫೆರೈನ್‌ಗೆ ಹೋಗಲೇಬೇಕು, ಮುಚ್ಚಿದ ಗಣಿಯನ್ನು ಒಂದು ಊರು ಹೇಗೆ ಉಳಿಸಿಕೊಳ್ಳಬಹುದು ಎಂದು ನೋಡಬೇಕು. ಫೋಕ್‌ವಾಂಗ್ ಕಲಾ ಸಂಗ್ರಹಾಲಯದ ಶಾಶ್ವತ ಸಂಗ್ರಹಕ್ಕೆ 2015ರಿಂದ ಪ್ರವೇಶ ಉಚಿತ. ಸೋಮವಾರ ಮಾತ್ರ ಹೋಗಬೇಡಿ, ಅಲ್ಲಿನ ಸಂಗ್ರಹಾಲಯಗಳು ಸಾಮಾನ್ಯವಾಗಿ ಆ ದಿನ ಮುಚ್ಚಿರುತ್ತವೆ.

ವಾಪಸಾಗುವಾಗ

ಅಕ್ಟೋಬರ್ ಕೊನೆಯ ಭಾನುವಾರ ಬೆಳಗಿನ ಜಾವ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. 2025ರಲ್ಲಿ ಅದು ಮೇಳದ ಕೊನೆಯ ದಿನವೇ ಆಗಿತ್ತು. ಅಲ್ಲಿಂದಾಚೆ ಭಾರತಕ್ಕೂ ಜರ್ಮನಿಗೂ ಮೂರೂವರೆ ಗಂಟೆ ಅಲ್ಲ, ನಾಲ್ಕೂವರೆ ಗಂಟೆ ವ್ಯತ್ಯಾಸ. ಕೈಗಡಿಯಾರ ನೋಡಿ ಹೊರಡುವವರು ಇದನ್ನು ಮರೆಯಬೇಡಿ.

ಆಟಗಳನ್ನು ಅಂಚೆಯಲ್ಲಿ ಕಳಿಸಬೇಡಿ, ಸಾಗಣೆಯ ಜೊತೆ ಇಲ್ಲಿನ ಸುಂಕವೂ ಸೇರುತ್ತದೆ. ಹೋಗುವಾಗ ಅರ್ಧ ಖಾಲಿ ಪೆಟ್ಟಿಗೆ, ಐದಾರು ರಬ್ಬರ್ ಬ್ಯಾಂಡ್, ಜಿಪ್ ಚೀಲಗಳು, ಒಂದು ಸಣ್ಣ ತೂಕದ ಕೊಕ್ಕೆ ಒಯ್ಯಿರಿ. ಕೋಣೆಯಲ್ಲಿ ಡಬ್ಬಿ ಬಿಚ್ಚಿ, ಒಂದರ ಸಾಮಾನನ್ನು ಇನ್ನೊಂದರೊಳಗೆ ಅಡಕಮಾಡಿ. ತೂಕವನ್ನು ಅಲ್ಲೇ ನೋಡಿ, ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅಲ್ಲ.

ಒಂದೇ ಬಿಲ್ಲಿನಲ್ಲಿ 50 ಯೂರೋಗಿಂತ ಹೆಚ್ಚು ಕೊಂಡಿದ್ದರೆ ಮಾರಾಟ ತೆರಿಗೆ ವಾಪಸ್ ಪಡೆಯುವ ಅವಕಾಶ ಇದೆ. ಅಂಗಡಿಯವರು ನಮೂನೆ ಕೊಡಬೇಕು. ಕೊಡಲೇಬೇಕೆಂಬ ಕಟ್ಟಳೆ ಅವರಿಗಿಲ್ಲ, ಕೊಳ್ಳುವ ಮುಂಚೆಯೇ ಕೇಳಿ. ವಿಮಾನ ನಿಲ್ದಾಣದಲ್ಲಿ ನಮೂನೆ, ಬಿಲ್ಲು, ಪಾಸ್‌ಪೋರ್ಟ್, ಬಳಸದ ಸಾಮಾನು ನಾಲ್ಕನ್ನೂ ಕಸ್ಟಮ್ಸ್‌ಗೆ ತೋರಿಸಿ ಮುದ್ರೆ ಹಾಕಿಸಬೇಕು. ಬ್ಯಾಗನ್ನು ವಿಮಾನದವರಿಗೆ ಒಪ್ಪಿಸಿಬಿಟ್ಟ ಮೇಲೆ ಸಾಮಾನು ತೋರಿಸಲಾಗುವುದಿಲ್ಲ. ಆದ್ದರಿಂದ ಚೆಕ್-ಇನ್ ಸಾಲಿನಲ್ಲಿ ನಿಂತಾಗಲೇ ಸಿಬ್ಬಂದಿಗೆ ಹೇಳಿ, ಅವರು ಪಟ್ಟಿ ಅಂಟಿಸಿ ಬ್ಯಾಗ್ ವಾಪಸ್ ಕೊಡುತ್ತಾರೆ, ಅದನ್ನು ಕಸ್ಟಮ್ಸ್ ಕಿಟಕಿಗೆ ಒಯ್ದು ಅಲ್ಲಿಂದಲೇ ಕಳಿಸಿ. ಇದಕ್ಕೆಂದು ಒಂದು ಗಂಟೆ ಹೆಚ್ಚು ಇಟ್ಟುಕೊಂಡು ನಿಲ್ದಾಣ ತಲುಪಿ.